ಅಮೈನೊ ಪುಡಿಯೋ, ವೇ ಪ್ರೋಟೀನೋ, ಹುರುಳಿಕಾಳೋ: ತೂಕ ಇಳಿಸೋರು ಯಾವುದಕ್ಕೆ ದುಡ್ಡು ಹಾಕಬೇಕು?

ಶಿವಮೊಗ್ಗದಲ್ಲಿ ಜಿಮ್‌ಗೆ ಹೊಸದಾಗಿ ಸೇರಿದವರ ಕಿವಿಗೆ ಒಂದು ತಿಂಗಳೊಳಗೆ ಈ ಮಾತು ಬೀಳುತ್ತದೆ: "ಫ್ಯಾಟ್ ಇಳೀಬೇಕಾ ಸರ್? ಬಿಸಿಎಎ ಶುರು ಮಾಡಿ." ಅದು ಮೂರು ಅಮೈನೊ ಆಮ್ಲಗಳ ಪುಡಿ. ಸಪ್ಲಿಮೆಂಟ್ ಅಂಗಡಿಗೆ ಹೋದರೆ ಅಲ್ಲಿ ಕೊಬ್ಬು ಉರಿಸುತ್ತದೆ ಅಂತ ಮಾರುವ ಎಲ್-ಕಾರ್ನಿಟಿನ್ ಬಾಟಲಿ ತೋರಿಸುತ್ತಾರೆ. ಮನೆಗೆ ಬಂದರೆ ಅಜ್ಜಿಯದು ಇನ್ನೊಂದು ಸಲಹೆ: "ಅದೆಲ್ಲ ಎಂತಕ್ಕೆ ಮಾರಾಯಾ, ಹುರುಳಿ ಕಟ್ಟು ಕುಡಿ, ಬೊಜ್ಜು ಕರಗ್ತದೆ." ಮೂವರೂ ನಿಮ್ಮ ಒಳ್ಳೆಯದಕ್ಕೇ ಹೇಳುತ್ತಿದ್ದಾರೆ ಅಂತ ಇಟ್ಟುಕೊಳ್ಳೋಣ. ಆದರೆ ಮೂವರ ಮಾತೂ ಪೂರ್ತಿ ನಿಜ ಅಲ್ಲ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಅಮೈನೊ ಆಮ್ಲದ ಯಾವ ಡಬ್ಬಿಯೂ ತಾನಾಗಿ ಕೊಬ್ಬು ಕರಗಿಸುವುದಿಲ್ಲ. ತಿನ್ನುವ ಕ್ಯಾಲೊರಿ ಕಡಿಮೆಯಾದಾಗ ತೂಕ ಇಳಿಯುತ್ತದೆ. ಆ ಸಮಯದಲ್ಲಿ ಹಸಿವು ತಡೆಯಲು, ಸ್ನಾಯು ಉಳಿಸಿಕೊಳ್ಳಲು ಸಾಕಷ್ಟು ಪ್ರೋಟೀನ್ ಬೇಕು. ಆ ಪ್ರೋಟೀನ್ ಊಟದಿಂದ ಬಂದರೆ ಎಲ್ಲಕ್ಕಿಂತ ಒಳ್ಳೆಯದು. ಊಟದಲ್ಲಿ ಆಗುವುದೇ ಇಲ್ಲ ಅಂದರೆ ವೇ, ಅದು ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ. ಅದೂ ಆಗದ ಕೆಲವೇ ಜನರಿಗೆ ಇಎಎ (ಅಗತ್ಯ ಅಮೈನೊ ಆಮ್ಲಗಳ ಪುಡಿ). ಬಿಸಿಎಎ ಕೊನೆಯ ಸ್ಥಾನ. ಕಾರ್ನಿಟಿನ್‌ನದು ಬೇರೆಯೇ ಕಥೆ, ಮುಂದೆ ಬರುತ್ತದೆ.

ಈ ಕ್ರಮ ಯಾಕೆ ಅನ್ನುವುದು ಕೆಳಗಿದೆ.

ಸ್ವಲ್ಪ ಹಿನ್ನೆಲೆ

ನಾವು ತಿನ್ನುವ ಪ್ರೋಟೀನ್ ಹೊಟ್ಟೆಯಲ್ಲಿ ಒಡೆದು ಅಮೈನೊ ಆಮ್ಲಗಳಾಗುತ್ತದೆ. ಒಟ್ಟು 20 ಬಗೆ. ಅವುಗಳಲ್ಲಿ 9 ಬಗೆಯನ್ನು ದೇಹ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಇವೇ ಇಎಎ, ಅಂದರೆ ಅಗತ್ಯ ಅಮೈನೊ ಆಮ್ಲಗಳು. ಆ ಒಂಬತ್ತರಲ್ಲಿ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಅನ್ನುವ ಮೂರನ್ನು ಮಾತ್ರ ಸೇರಿಸಿ ಮಾರುವುದು ಬಿಸಿಎಎ. ಸಾಮಾನ್ಯವಾಗಿ 2:1:1 ಪ್ರಮಾಣದಲ್ಲಿ ಇರುತ್ತದೆ. ಅಂದರೆ ಅನ್ನ-ಸಾರು ಉಂಡವರು, ಮೊಟ್ಟೆ ತಿಂದವರು, ಮಜ್ಜಿಗೆ ಕುಡಿದವರು ಎಲ್ಲರೂ ದಿನಾ ಬಿಸಿಎಎ ತೆಗೆದುಕೊಳ್ಳುತ್ತಲೇ ಇದ್ದಾರೆ. ಹೆಸರು ಗೊತ್ತಿರಲಿಲ್ಲ, ಅಷ್ಟೇ.

ತೂಕ ಇಳಿಸುವಾಗ ಪ್ರೋಟೀನ್‌ಗೆ ಇಷ್ಟು ಮಹತ್ವ ಯಾಕೆ? ಮೊದಲನೆಯದು, ಅದು ಹೊಟ್ಟೆ ತುಂಬಿದ ಭಾವ ಕೊಡುತ್ತದೆ. ಎರಡನೆಯದು, ಅರಗಿಸಲು ದೇಹ ಜಾಸ್ತಿ ಶಕ್ತಿ ಖರ್ಚು ಮಾಡುತ್ತದೆ. 100 ಕ್ಯಾಲೊರಿಯಷ್ಟು ಪ್ರೋಟೀನ್ ತಿಂದರೆ 20ರಿಂದ 30 ಕ್ಯಾಲೊರಿ ಅರಗಿಸುವುದಕ್ಕೇ ಹೋಗುತ್ತದೆ. ಪಿಷ್ಟಕ್ಕೆ ಇದು 5ರಿಂದ 10, ಕೊಬ್ಬಿಗೆ 3ರ ಒಳಗೆ. ಮೂರನೆಯದೇ ಮುಖ್ಯ: ತೂಕ ಇಳಿಯುವಾಗ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ. ಸಾಕಷ್ಟು ಪ್ರೋಟೀನ್ ತಿಂದು, ವಾರಕ್ಕೆ ಎರಡು ಮೂರು ದಿನವಾದರೂ ಭಾರ ಎತ್ತುವ ವ್ಯಾಯಾಮ ಮಾಡಿದರೆ ಆ ನಷ್ಟ ಕಡಿಮೆ.

ಗಮನಿಸಿ, ಈ ಮೂರೂ ಲಾಭ ಒಳ್ಳೆಯ ಪ್ರಮಾಣದ ಪ್ರೋಟೀನ್‌ನಿಂದ ಬರುವಂಥವು. 5 ಗ್ರಾಂ ಪುಡಿಯಿಂದ ಅಲ್ಲ.

ಬಿಸಿಎಎ: ಹೆಸರು ದೊಡ್ಡದು

ಬಿಸಿಎಎ ಮಾರುವವರ ವಾದ ಹೀಗಿರುತ್ತದೆ. ಲ್ಯೂಸಿನ್ ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುತ್ತದೆ, ಸ್ನಾಯು ಹೆಚ್ಚಾದರೆ ಕೊಬ್ಬು ಉರಿಯುತ್ತದೆ, ಹಾಗಾಗಿ ಬಿಸಿಎಎ ಕುಡಿಯಿರಿ. ಮೊದಲ ಭಾಗ ನಿಜ. ಲ್ಯೂಸಿನ್ ಹಾಗೆ ಚಾಲನೆ ಕೊಡುತ್ತದೆ. ಆದರೆ ಸ್ನಾಯು ಕಟ್ಟಲು ಒಂಬತ್ತೂ ಬೇಕು. ಅಡಿಕೆ ಕೊನೆ ಕೊಯ್ಲಿಗೆ ಕೊನೆಗಾರ ಒಬ್ಬನೇ ಬಂದು ಮರ ಹತ್ತಿದರೆ ಏನು ಪ್ರಯೋಜನ? ಕೆಳಗೆ ಹಗ್ಗ ಹಿಡಿಯುವವರು, ಉದುರು ಹೆಕ್ಕುವವರು, ಹೊರೆ ಹೊರುವವರು ಇಲ್ಲದೆ ಕೊನೆ ಅಂಗಳಕ್ಕೆ ಬರುವುದಿಲ್ಲ. ಉಳಿದ ಆರು ಅಮೈನೊ ಆಮ್ಲ ಊಟದಿಂದ ಬರದಿದ್ದರೆ ದೇಹ ಅವನ್ನು ಇರುವ ಸ್ನಾಯುವನ್ನೇ ಒಡೆದು ತೆಗೆದುಕೊಳ್ಳುತ್ತದೆ. ಊಟದಿಂದ ಬರುತ್ತಿದ್ದರೆ, ಅದೇ ಊಟದಲ್ಲಿ ಬಿಸಿಎಎ ಕೂಡ ಬಂದೇ ಇರುತ್ತದೆ. ಎರಡು ಕಡೆಯಿಂದ ನೋಡಿದರೂ ಡಬ್ಬಿಯ ಅಗತ್ಯ ಕಾಣುವುದಿಲ್ಲ.

ಕ್ಯಾಲೊರಿ ಕಡಿಮೆ ಮಾಡಿಕೊಂಡವರಿಗೆ ಬಿಸಿಎಎ ಕೊಟ್ಟು ನೋಡಿದ ಪ್ರಯೋಗಗಳೂ ಆಗಿವೆ. ಸಿಂಗಾಪುರದಲ್ಲಿ ತೂಕ ಜಾಸ್ತಿ ಇದ್ದವರ ಮೇಲೆ 16 ವಾರ ನಡೆದ ಒಂದು ಪ್ರಯೋಗದಲ್ಲಿ, ಬಿಸಿಎಎ ಸೇರಿಸಿಕೊಂಡವರು ಸೇರಿಸಿಕೊಳ್ಳದವರಿಗಿಂತ ಸ್ನಾಯು ಜಾಸ್ತಿ ಉಳಿಸಿಕೊಳ್ಳಲಿಲ್ಲ.

ಇನ್ನೊಂದು ವಿಷಯವನ್ನು ಡಬ್ಬಿಯ ಮೇಲೆ ಯಾರೂ ಬರೆಯುವುದಿಲ್ಲ. ಬೊಜ್ಜು ಮತ್ತು ಇನ್ಸುಲಿನ್ ಪ್ರತಿರೋಧ (ಇನ್ಸುಲಿನ್ ಇದ್ದರೂ ಮೈ ಅದಕ್ಕೆ ಸರಿಯಾಗಿ ಸ್ಪಂದಿಸದ ಸ್ಥಿತಿ) ಇರುವವರ ರಕ್ತದಲ್ಲಿ ಈ ಮೂರು ಅಮೈನೊ ಆಮ್ಲಗಳ ಮಟ್ಟ ಮೊದಲೇ ಜಾಸ್ತಿ ಇರುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2009ರಲ್ಲಿ ಇದನ್ನು ವಿವರವಾಗಿ ತೋರಿಸಿದರು. 2011ರಲ್ಲಿ, ಅಮೆರಿಕದಲ್ಲಿ ದಶಕಗಳಿಂದ ನಡೆಯುತ್ತಿರುವ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ರಕ್ತದ ಮಾದರಿಗಳನ್ನು ನೋಡಿದವರು, ಈ ಮೂರು ಮತ್ತು ಇನ್ನೆರಡು ಅಮೈನೊ ಆಮ್ಲಗಳ ಮಟ್ಟ ಹೆಚ್ಚಿದ್ದವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಹೆಚ್ಚು ಎಂದು ಕಂಡರು. ಬಿಸಿಎಎ ಕುಡಿದರೆ ಶುಗರ್ ಬರುತ್ತದೆ ಅಂತ ಇದರ ಅರ್ಥ ಅಲ್ಲ. ಹಾಗೆ ಹೆದರಿಸುವುದು ತಪ್ಪು. ಆದರೆ ಹೊಟ್ಟೆ ಬಂದು, ಶುಗರ್ ಗಡಿಯಲ್ಲಿರುವವರು ರಕ್ತದಲ್ಲಿ ಈಗಾಗಲೇ ಜಾಸ್ತಿ ಇರುವುದನ್ನೇ ಮತ್ತೆ ದುಡ್ಡು ಕೊಟ್ಟು ತರುವುದು ವಿಚಿತ್ರ ಅಲ್ವಾ?

"ನಂಗೆ ಕೆಲಸ ಮಾಡಿತಲ್ಲ" ಅನ್ನುವವರು ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಬಿಸಿಎಎ ತಂದ ವಾರವೇ ಜಿಮ್ ಶುರು ಮಾಡಿರುತ್ತಾರೆ, ರಾತ್ರಿ ಅನ್ನ ಬಿಟ್ಟಿರುತ್ತಾರೆ, ಸಂಜೆಯ ಬೋಂಡ, ಮಂಡಕ್ಕಿ-ಮೆಣಸಿನಕಾಯಿ ನಿಲ್ಲಿಸಿರುತ್ತಾರೆ. ಅನ್ನ ಕಡಿಮೆಯಾದ ಮೊದಲ ವಾರ ಸ್ನಾಯು ಮತ್ತು ಲಿವರ್‌ನಲ್ಲಿ ಕೂಡಿಟ್ಟ ಗ್ಲೈಕೊಜೆನ್ (ಪಿಷ್ಟದ ದಾಸ್ತಾನು) ಇಳಿಯುತ್ತದೆ. ಅದರ ಪ್ರತಿ ಗ್ರಾಂ ಜೊತೆ ಸುಮಾರು 3 ಗ್ರಾಂ ನೀರು ಹೋಗುತ್ತದೆ. ತಕ್ಕಡಿ ಒಂದೂವರೆ ಎರಡು ಕೆಜಿ ಕಡಿಮೆ ತೋರಿಸುತ್ತದೆ. ಹೆಸರು ಮಾತ್ರ ಡಬ್ಬಿಗೆ.

ಇನ್ನು ಕೆಲವು ಬಿಸಿಎಎ ಪುಡಿಗಳಲ್ಲಿ ಕೆಫೀನ್ ಹಾಕಿರುತ್ತಾರೆ. ಕುಡಿದ ಅರ್ಧ ಗಂಟೆಗೆ ಬರುವ ಹುರುಪು ಅದರದ್ದು. ಹುರುಪೇ ಬೇಕಿದ್ದರೆ ಮನೆಯಲ್ಲಿ ಒಂದು ಲೋಟ ಸಕ್ಕರೆ ಹಾಕದ ಕಾಫಿ ಸಾಕು. ಮಲೆನಾಡಿನವರಿಗೆ ಕಾಫಿ ಕುಡಿಯಲು ಹೇಳಿಕೊಡುವವರು ಬೇಕಾ?

ಒಂದು ಮಾತು ಸೇರಿಸಬೇಕು. ಲಿವರ್ ಸಿರೋಸಿಸ್‌ನ ಕೆಲವು ರೋಗಿಗಳಿಗೆ ವೈದ್ಯರೇ ಬಿಸಿಎಎ ಬರೆಯುತ್ತಾರೆ. ಅದು ಚಿಕಿತ್ಸೆ. ತೂಕ ಇಳಿಸುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಇಎಎ: ಬಿಸಿಎಎಗಿಂತ ಮೇಲು, ಆದರೆ ಯಾರಿಗೆ?

ಇದರಲ್ಲಿ ಒಂಬತ್ತೂ ಇರುತ್ತವೆ. ಹಾಗಾಗಿ ಬಿಸಿಎಎ ಮತ್ತು ಇಎಎ ನಡುವೆ ಆರಿಸುವುದಾದರೆ ಯೋಚನೆ ಮಾಡದೆ ಇಎಎ ಆರಿಸಿ. 10 ಗ್ರಾಂ ಪುಡಿಯಲ್ಲಿ ಸುಮಾರು 40 ಕ್ಯಾಲೊರಿ, ಬೇಗ ರಕ್ತಕ್ಕೆ ಸೇರುತ್ತದೆ. ವಯಸ್ಸಾದವರ ಸ್ನಾಯುವಿನ ಮೇಲೆ ಇದರ ಪರಿಣಾಮ ನೋಡಿದ ಅಧ್ಯಯನಗಳಲ್ಲಿ ಒಳ್ಳೆಯ ಸೂಚನೆಗಳಿವೆ. ಎರಡು ತುತ್ತು ಉಂಡು ಸಾಕು ಅನ್ನುವ ಹಿರಿಯರಿಗೆ, ಹಾಲು ಆಗಿಬರದವರಿಗೆ ವೈದ್ಯರು ಅಥವಾ ಆಹಾರ ತಜ್ಞರು ಸೂಚಿಸಿದರೆ ಅರ್ಥವಿದೆ. 35 ವರ್ಷದ, ಮೂರು ಹೊತ್ತು ಚೆನ್ನಾಗಿ ಉಣ್ಣುವ ಮನುಷ್ಯನಿಗೆ ಇದು ಕಹಿ ರುಚಿಯ ದುಬಾರಿ ನೀರು.

ಎಲ್-ಕಾರ್ನಿಟಿನ್: ನಿಜಕ್ಕೂ ಸ್ವಲ್ಪ ಇಳಿಸುತ್ತದೆ, ಎಷ್ಟು ಅಂತ ಕೇಳಿ

ಕಾರ್ನಿಟಿನ್ ಪ್ರೋಟೀನ್ ಕಟ್ಟುವ 20ರಲ್ಲಿ ಒಂದಲ್ಲ. ಲೈಸಿನ್ ಮತ್ತು ಮೆಥಿಯೊನಿನ್ ಅನ್ನುವ ಎರಡು ಅಮೈನೊ ಆಮ್ಲ ಬಳಸಿ ನಮ್ಮ ಲಿವರ್, ಕಿಡ್ನಿಗಳೇ ಇದನ್ನು ತಯಾರಿಸುತ್ತವೆ. ಜೀವಕೋಶದ ಒಳಗೆ ಮೈಟೊಕಾಂಡ್ರಿಯ ಅನ್ನುವ ಭಾಗದಲ್ಲಿ ಕೊಬ್ಬು ಉರಿಯುತ್ತದೆ. ಉದ್ದ ಸರಪಳಿಯ ಕೊಬ್ಬಿನಾಮ್ಲವನ್ನು ಅಲ್ಲಿಗೆ ದಾಟಿಸುವುದು ಕಾರ್ನಿಟಿನ್. ಅದಕ್ಕೇ "ಫ್ಯಾಟ್ ಬರ್ನರ್" ಅನ್ನುವ ಹೆಸರು.

ಆದರೆ ಆರೋಗ್ಯವಂತರಲ್ಲಿ ಕಾರ್ನಿಟಿನ್ ಕೊರತೆಯೇ ಇರುವುದಿಲ್ಲ. ದಾಟಿಸುವ ಸಾಮರ್ಥ್ಯ ಮೊದಲೇ ಸಾಕಷ್ಟಿದೆ. ಉರಿಸಬೇಕು ಅನ್ನುವ ಅಗತ್ಯ ಇದ್ದರೆ ತಾನೇ ಉರಿಯುವುದು? ಅದೂ ಅಲ್ಲದೆ ಮಾತ್ರೆಯ ರೂಪದಲ್ಲಿ ನುಂಗಿದ ಕಾರ್ನಿಟಿನ್‌ನಲ್ಲಿ ಶೇ 5ರಿಂದ 18ರಷ್ಟು ಮಾತ್ರ ಮೈಗೆ ಹತ್ತುತ್ತದೆ. ಆಹಾರದಿಂದ ಬಂದದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಹತ್ತುತ್ತದೆ.

ಹಾಗಂತ ಏನೂ ಆಗುವುದಿಲ್ಲ ಅಂತಲೂ ಹೇಳಲಾಗದು. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದವರಿಗೆ, ಕಾರ್ನಿಟಿನ್ ತೆಗೆದುಕೊಂಡವರು ತೆಗೆದುಕೊಳ್ಳದವರಿಗಿಂತ ಸರಾಸರಿ 1.2ರಿಂದ 1.3 ಕೆಜಿ ಜಾಸ್ತಿ ಇಳಿದದ್ದು ಕಂಡಿದೆ. ಅಮೈನೊ ಗುಂಪಿನಲ್ಲಿ ತೂಕದ ವಿಷಯಕ್ಕೆ ಸಿಗುವ ಗಟ್ಟಿ ಪುರಾವೆ ಇದೊಂದೇ ಅಂದರೂ ತಪ್ಪಲ್ಲ. ಈಗ ನೀವೇ ಯೋಚಿಸಿ. ತಿಂಗಳುಗಟ್ಟಲೆ ಬಾಟಲಿ ಕೊಂಡು ಸಿಗುವುದು ಒಂದೂಕಾಲು ಕೆಜಿ. ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದರೆ ಎರಡು ಮೂರು ವಾರದಲ್ಲಿ ಅಷ್ಟು ಇಳಿಯಬಹುದು.

ಅಡ್ಡ ಪರಿಣಾಮಗಳೂ ಇವೆ. ದಿನಕ್ಕೆ 3 ಗ್ರಾಂ ಆಸುಪಾಸು ತೆಗೆದುಕೊಂಡರೆ ಹೊಟ್ಟೆ ತೊಳಸುವುದು, ಭೇದಿ, ಮೈಯಿಂದ ಮೀನಿನ ವಾಸನೆ ಬರುವುದು ಇರುತ್ತದೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು, ರಕ್ತ ತೆಳುವಾಗಿಸುವ ವಾರ್ಫರಿನ್, ಅಸಿಟ್ರೊಮ್‌ನಂಥ ಔಷಧಿಯಲ್ಲಿರುವವರು, ಹಿಂದೆ ಮೂರ್ಛೆ ರೋಗ ಬಂದಿದ್ದವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ನಮ್ಮಲ್ಲಿ ಥೈರಾಯ್ಡ್ ಮಾತ್ರೆ ನುಂಗದ ಮನೆ ಹುಡುಕಬೇಕು. ಆದರೂ ಅಂಗಡಿಯಲ್ಲಿ ಇದನ್ನು ಯಾರೂ ಕೇಳುವುದಿಲ್ಲ.

ಉಳಿದ ಮಾತ್ರೆಗಳು

ಆರ್ಜಿನಿನ್, ಆರ್ನಿಥಿನ್, ಗ್ಲುಟಮಿನ್ ಹೆಸರಿನಲ್ಲಿ "ರಾತ್ರಿ ಮಲಗುವಾಗ ನುಂಗಿ, ಬೆಳಗ್ಗೆ ತೆಳ್ಳಗೆ ಏಳಿ" ಅನ್ನುವ ಮಾತ್ರೆಗಳು ಬರುತ್ತವೆ. ಬಿಟ್ಟುಬಿಡಿ.

5-ಎಚ್‌ಟಿಪಿ ಬಗ್ಗೆ ಮಾತ್ರ ಎಚ್ಚರ ಇರಲಿ. ಇದು ಟ್ರಿಪ್ಟೊಫಾನ್ ಅನ್ನುವ ಅಮೈನೊ ಆಮ್ಲದಿಂದ ಬರುವ ವಸ್ತು, ಹಸಿವು ಕಡಿಮೆ ಮಾಡುತ್ತದೆ ಅಂತ ಮಾರುತ್ತಾರೆ. ದೇಹದಲ್ಲಿ ಇದು ಸೆರೊಟೊನಿನ್ (ಮೆದುಳಿನಲ್ಲಿ ಸಂದೇಶ ಸಾಗಿಸುವ ವಸ್ತು) ಆಗುತ್ತದೆ. ಖಿನ್ನತೆಗೋ ಆತಂಕಕ್ಕೋ ಎಸ್ಸಿಟಲೊಪ್ರಾಮ್, ಫ್ಲುಯೊಕ್ಸೆಟಿನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿರುವವರು ಜೊತೆಗೆ ಇದನ್ನೂ ನುಂಗಿದರೆ ಸೆರೊಟೊನಿನ್ ಮಿತಿ ಮೀರಿ ಜೀವಕ್ಕೇ ಅಪಾಯ ಆಗಬಹುದು. ಟ್ರಿಪ್ಟೊಫಾನ್‌ಗೆ ಇನ್ನೊಂದು ಹಳೆಯ ಕಥೆಯಿದೆ. 1989ರಲ್ಲಿ ಅಮೆರಿಕದಲ್ಲಿ ಟ್ರಿಪ್ಟೊಫಾನ್ ಸಪ್ಲಿಮೆಂಟ್ ತೆಗೆದುಕೊಂಡ 1500ಕ್ಕೂ ಹೆಚ್ಚು ಜನರಿಗೆ ತೀವ್ರ ಸ್ನಾಯು ನೋವಿನ ಕಾಯಿಲೆ ಬಂತು, 30ಕ್ಕೂ ಹೆಚ್ಚು ಜನ ಸತ್ತರು. ಒಂದು ತಯಾರಕರ ಕಲಬೆರಕೆಯಾದ ಸರಕಿಗೆ ಅದರ ಜಾಡು ಹೋಗಿ ಮುಟ್ಟಿತು. "ಬರೀ ಅಮೈನೊ ಆಮ್ಲ ತಾನೇ, ಏನಾಗ್ತದೆ" ಅನ್ನುವವರಿಗೆ ಇದನ್ನು ಹೇಳಬೇಕು.

ವೇ ಪ್ರೋಟೀನ್: ಡಬ್ಬಿ ಬೇಕೇ ಬೇಕು ಅನ್ನುವವರಿಗೆ

ವೇ ಅಂದರೆ ಹಾಲು ಒಡೆದಾಗ ಬೇರೆಯಾಗುವ ನೀರಿನಲ್ಲಿರುವ ಪ್ರೋಟೀನ್. ಪನೀರು ಮಾಡಿ ನಾವು ಚೆಲ್ಲುವ ನೀರು ಇದೆಯಲ್ಲ, ಅದರದ್ದೇ. ಸಾಮಾನ್ಯ ಒಂದು ಸ್ಕೂಪ್‌ನಲ್ಲಿ 24 ಗ್ರಾಂ ಆಸುಪಾಸು ಪ್ರೋಟೀನ್, ಅದರೊಳಗೇ 5 ಗ್ರಾಂಗಿಂತ ಸ್ವಲ್ಪ ಜಾಸ್ತಿ ಬಿಸಿಎಎ ಇರುತ್ತದೆ. ಅಂದರೆ ಬಿಸಿಎಎ ಡಬ್ಬಿಯ ಒಂದು ಸ್ಕೂಪ್‌ನಲ್ಲಿ ಏನು ಸಿಗುತ್ತದೋ ಅದು ಇಲ್ಲೂ ಇದೆ, ಜೊತೆಗೆ ಉಳಿದ ಆರೂ ಇವೆ, ಹೊಟ್ಟೆಯೂ ತುಂಬುತ್ತದೆ. ವೇ ತೆಗೆದುಕೊಂಡು ಅದರ ಮೇಲೆ ಬಿಸಿಎಎ ಕುಡಿಯುವವರನ್ನು ನೋಡಿದರೆ ನನಗೆ ಅವರ ಪರ್ಸಿನ ಮೇಲೆ ಕನಿಕರ ಬರುತ್ತದೆ.

ಇಲ್ಲಿ ಮೋಸವೂ ಜಾಸ್ತಿ. ಪ್ರಯೋಗಾಲಯದಲ್ಲಿ ಪ್ರೋಟೀನ್ ಅಳೆಯುವುದು ಸಾಮಾನ್ಯವಾಗಿ ಸಾರಜನಕದ ಲೆಕ್ಕದಿಂದ. ಅದಕ್ಕೇ ಕೆಲವರು ಗ್ಲೈಸಿನ್, ಟಾರಿನ್‌ನಂಥ, ಸಾರಜನಕ ಇರುವ ಅಗ್ಗದ ವಸ್ತು ಸೇರಿಸಿ ಲೆಕ್ಕ ಏರಿಸುತ್ತಾರೆ. ಕಂಡುಹಿಡಿಯುವ ದಾರಿ ಒಂದಿದೆ. ಲೇಬಲ್‌ನಲ್ಲಿ ಲ್ಯೂಸಿನ್ ಎಷ್ಟು ಅಂತ ನೋಡಿ. 25 ಗ್ರಾಂ ಪ್ರೋಟೀನ್‌ಗೆ ಸುಮಾರು 2.5 ಗ್ರಾಂ ಲ್ಯೂಸಿನ್ ಇರಬೇಕು. ಅದಕ್ಕಿಂತ ತುಂಬ ಕಡಿಮೆ ಇದ್ದರೆ ಅಥವಾ ಪದಾರ್ಥಗಳ ಪಟ್ಟಿಯಲ್ಲಿ ಗ್ಲೈಸಿನ್ ಅಂತ ಬೇರೆಯಾಗಿ ಕಂಡರೆ ಅಲ್ಲೇ ಇಟ್ಟು ಬನ್ನಿ. "ಬ್ಲೆಂಡ್" ಅಂತ ಬರೆದು ಯಾವುದು ಎಷ್ಟು ಅಂತ ಹೇಳದಿದ್ದರೂ ಅಷ್ಟೇ.

2024ರಲ್ಲಿ ಕೇರಳದ ವೈದ್ಯರ ತಂಡವೊಂದು ಭಾರತದಲ್ಲಿ ಮಾರುವ 36 ಪ್ರೋಟೀನ್ ಸಪ್ಲಿಮೆಂಟ್‌ಗಳನ್ನು ಪರೀಕ್ಷಿಸಿತು. ಸುಮಾರು ಶೇ 70ರಲ್ಲಿ ಲೇಬಲ್ ಮೇಲಿನ ಪ್ರೋಟೀನ್ ಲೆಕ್ಕಕ್ಕೂ ಒಳಗಿದ್ದುದಕ್ಕೂ ಹೊಂದಿಕೆ ಇರಲಿಲ್ಲ. ಶೇ 14ರಲ್ಲಿ ಬೂಷ್ಟು (ಶಿಲೀಂಧ್ರ) ಹಿಡಿದಾಗ ಬರುವ ಅಫ್ಲಾಟಾಕ್ಸಿನ್ ವಿಷ ಸಿಕ್ಕಿತು. ಅದೇ ವರ್ಷ ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿಯೂ ಮೈ ಕಟ್ಟಲು ಪ್ರೋಟೀನ್ ಪುಡಿ ಬಳಸಬೇಡಿ ಅಂತಲೇ ಹೇಳಿತು. ನಾನು ಅಷ್ಟು ಕಡ್ಡಾಯವಾಗಿ ಬೇಡ ಅನ್ನುವುದಿಲ್ಲ. ಬೆಳಗ್ಗೆ ಏಳಕ್ಕೆ ಸಾಗರದಿಂದ ಬಸ್ ಹತ್ತಿ ಶಿವಮೊಗ್ಗದಲ್ಲಿ ಕೆಲಸ ಮಾಡಿ ರಾತ್ರಿ ಮನೆ ಸೇರುವವರಿಗೆ, ಮೊಟ್ಟೆ-ಮಾಂಸ ತಿನ್ನದವರಿಗೆ ದಿನಕ್ಕೆ ಒಂದು ಸ್ಕೂಪ್ ಅನುಕೂಲ. ಡಬ್ಬಿಯ ಮೇಲೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ ನೋಡಿ ತನ್ನಿ, ಬಿಲ್ ಕೇಳಿ.

ಸಸ್ಯಾಹಾರಿಗಳಿಗೆ ಒಂದು ಕಿವಿಮಾತು. ಅಮೈನೊ ಆಮ್ಲಗಳನ್ನು ಈಗ ಹೆಚ್ಚಾಗಿ ಹುದುಗಿಸಿ ತಯಾರಿಸುತ್ತಾರೆ, ಆದರೆ ಹಕ್ಕಿ ಪುಕ್ಕ, ಕೂದಲಿನಿಂದ ತೆಗೆಯುವ ವಿಧಾನವೂ ಇದೆ. ಕ್ಯಾಪ್ಸೂಲ್‌ನ ಹೊರಕವಚ ಜೆಲಾಟಿನ್ ಆಗಿರಬಹುದು. ಹಸಿರು ಚುಕ್ಕೆ ಇದೆಯಾ ನೋಡಿಕೊಳ್ಳಿ.

ನಮ್ಮ ತಟ್ಟೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಮಲೆನಾಡಿನ ಊಟದಲ್ಲಿ ಪ್ರೋಟೀನ್ ಇಲ್ಲ ಅಂತಲ್ಲ, ಅನ್ನದ ಕೆಳಗೆ ಅದು ಮುಚ್ಚಿಹೋಗಿದೆ. ಬೆಳಗ್ಗೆ ಅಕ್ಕಿರೊಟ್ಟಿ ಅಥವಾ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಮತ್ತೆ ಅನ್ನ. 300 ಗ್ರಾಂ ಅನ್ನ ಬಡಿಸಿಕೊಂಡರೆ ಸುಮಾರು 390 ಕ್ಯಾಲೊರಿ, ಪ್ರೋಟೀನ್ ಏಳೆಂಟು ಗ್ರಾಂ ಅಷ್ಟೇ. ಅದರ ಮೇಲೆ ತೆಳ್ಳನೆ ಸಾರು, ನೀರು ಮಜ್ಜಿಗೆ. ತಂಬುಳಿ ರುಚಿಗೆ ಎರಡು ಮಾತಿಲ್ಲ, ಆದರೆ ಅದನ್ನು ಪ್ರೋಟೀನ್ ಲೆಕ್ಕಕ್ಕೆ ಹಿಡಿಯಲಾಗದು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ಆರೋಗ್ಯವಂತ ವಯಸ್ಕರಿಗೆ ದೇಹದ ತೂಕದ ಪ್ರತಿ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. 70 ಕೆಜಿಯವರಿಗೆ 58 ಗ್ರಾಂ. ತೂಕ ಇಳಿಸುವಾಗ, ಅದರಲ್ಲೂ ಜಿಮ್‌ಗೆ ಹೋಗುವವರಿಗೆ, ಆಹಾರ ತಜ್ಞರು ಸಾಮಾನ್ಯವಾಗಿ 1.2 ಗ್ರಾಂ ಅಥವಾ ಅದಕ್ಕಿಂತ ತುಸು ಮೇಲೆ ಹೇಳುತ್ತಾರೆ. ಅಂದರೆ 84 ಗ್ರಾಂ ಆಸುಪಾಸು. ಕಿಡ್ನಿ ತೊಂದರೆ ಇರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ, ಅವರು ವೈದ್ಯರು ಹೇಳಿದಷ್ಟೇ ತಿನ್ನಬೇಕು.

ಎಲ್ಲಿಂದ ತರುವುದು? ಒಂದು ಮೊಟ್ಟೆಯಲ್ಲಿ 6 ಗ್ರಾಂ. ನಾಲ್ಕು ಮೊಟ್ಟೆ ಒಂದು ಸ್ಕೂಪ್ ವೇಗೆ ಸಮ, ಖರ್ಚು 30 ರೂಪಾಯಿಯ ಆಚೀಚೆ. ಕಾಲು ಲೀಟರ್ ಹಾಲಿನಲ್ಲಿ 8 ಗ್ರಾಂ. ಸೋಯಾ ಚಂಕ್ಸ್ ಒಣಗಿದ್ದು 30 ಗ್ರಾಂ ನೆನೆಸಿ ಪಲ್ಯಕ್ಕೆ ಹಾಕಿದರೆ 15 ಗ್ರಾಂ, ಕ್ಯಾಲೊರಿ ನೂರರ ಹತ್ತಿರ. ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಪ್ರೋಟೀನ್ ಕೊಡುವ ಸಸ್ಯಾಹಾರ ಇನ್ನೊಂದು ನನಗೆ ಕಂಡಿಲ್ಲ. ಕೋಳಿ ಎದೆಮಾಂಸ, ಬಂಗುಡೆ ಎರಡರಲ್ಲೂ 100 ಗ್ರಾಂಗೆ 20 ಗ್ರಾಂ ಆಸುಪಾಸು. ಘಟ್ಟದ ಕೆಳಗಿಂದ ಬರುವ ಮೀನು ಜೂನ್, ಜುಲೈನಲ್ಲಿ ಮೀನುಗಾರಿಕೆ ನಿಷೇಧದ ಕಾರಣ ತುಟ್ಟಿ ಆಗುತ್ತದೆ. ಆಗ ಕೆರೆ ಮೀನೋ ಮೊಟ್ಟೆಯೋ. ಪನೀರಿನಲ್ಲಿ 100 ಗ್ರಾಂಗೆ 18 ಗ್ರಾಂ ಇದೆ, ನಿಜ, ಆದರೆ ಕೊಬ್ಬೂ ಅಷ್ಟೇ ಇದೆ. ಶೇಂಗಾದ್ದೂ ಅದೇ ಹಣೆಬರಹ: ಒಂದು ಹಿಡಿ ಅಂತ ಶುರುವಾಗಿ ಎರಡು ಹಿಡಿ ಆಗುತ್ತದೆ, ಒಂದು ಹಿಡಿಗೇ ನೂರೈವತ್ತರ ಹತ್ತಿರ ಕ್ಯಾಲೊರಿ.

ಈಗ ಅಜ್ಜಿಯ ಹುರುಳಿಗೆ ಬರೋಣ. ಹುರುಳಿಕಾಳಿನಲ್ಲಿ 100 ಗ್ರಾಂಗೆ 22 ಗ್ರಾಂ ಪ್ರೋಟೀನ್, ನಾರು ಕೂಡ ಚೆನ್ನಾಗಿದೆ. ಆದರೆ ಬೇಯಿಸಿದ ನೀರು ಬಸಿದು ಕಟ್ಟಿನ ಸಾರು ಮಾಡಿದರೆ ಪ್ರೋಟೀನ್ ಹೆಚ್ಚಿನದು ಕಾಳಿನಲ್ಲೇ ಉಳಿಯುತ್ತದೆ. ಹಿಂದೆ ಆ ಕಾಳು ಎತ್ತಿಗೆ ಹೋಗುತ್ತಿತ್ತು. ಸಾರು ನಮಗೆ, ಸ್ನಾಯು ಎತ್ತಿಗೆ! ಕಟ್ಟು ಕುಡಿದರೆ ಬೊಜ್ಜು ಕರಗುವುದಿಲ್ಲ. ಕಾಳನ್ನೇ ಉಸ್ಲಿ ಮಾಡಿಯೋ ಮೊಳಕೆ ಬರಿಸಿ ಪಲ್ಯ ಮಾಡಿಯೋ ಅನ್ನದ ಅರ್ಧ ಜಾಗಕ್ಕೆ ಹಾಕಿಕೊಂಡರೆ ಮಾತ್ರ ಅಜ್ಜಿಯ ಮಾತು ಗೆಲ್ಲುತ್ತದೆ.

ಇನ್ನು ಅಮೈನೊ ಆಮ್ಲದ ಲೆಕ್ಕದಲ್ಲೂ ಈ ಜೋಡಿ ಚೆನ್ನಾಗಿದೆ. ಅಕ್ಕಿಯಲ್ಲಿ ಲೈಸಿನ್ ಕಡಿಮೆ, ಕಾಳಿನಲ್ಲಿ ಜಾಸ್ತಿ. ಕಾಳಿನಲ್ಲಿ ಮೆಥಿಯೊನಿನ್ ಕಡಿಮೆ, ಅಕ್ಕಿ ಅದನ್ನು ತುಂಬುತ್ತದೆ. ಒಂದೇ ತಟ್ಟೆಯಲ್ಲಿ ಇರಬೇಕೆಂದೂ ಇಲ್ಲ, ಒಂದು ದಿನದ ಊಟದಲ್ಲಿ ಎರಡೂ ಇದ್ದರೆ ಒಂಬತ್ತೂ ಸಿಕ್ಕವು. ಅಂಗಡಿಯ ಇಎಎ ಡಬ್ಬಿ ಕೊಡುವುದೂ ಅದನ್ನೇ.

ಹಾಗಾದರೆ ದಿನ ಹೇಗಿರಬಹುದು? ಮೂರು ಅಕ್ಕಿರೊಟ್ಟಿ ಬದಲು ಒಂದೂವರೆ ರೊಟ್ಟಿ, ಎರಡು ಮೊಟ್ಟೆ ಅಥವಾ ಒಂದು ಬಟ್ಟಲು ಹೆಸರುಕಾಳು ಉಸ್ಲಿ. ಮಧ್ಯಾಹ್ನ ಅನ್ನ ಅರ್ಧ, ಸಾರಿನಲ್ಲಿ ಬೇಳೆ ಗಟ್ಟಿ, ನೀರು ಮಜ್ಜಿಗೆ ಬದಲು ಮೊಸರು. ಸಂಜೆ ಬೋಂಡದ ಜಾಗದಲ್ಲಿ ಬೇಯಿಸಿದ ಕಡಲೆ. ರಾತ್ರಿ ಸೋಯಾ ಪಲ್ಯ ಅಥವಾ ಕೋಳಿ ಸಾರು, ಅನ್ನ ಒಂದು ಸೌಟು. ಮನೆಯಲ್ಲಿ ಬಡಿಸುವವರು "ಇಷ್ಟೇ ಅನ್ನವಾ? ಇನ್ನೊಂಚೂರು ಹಾಕ್ತೆ" ಅನ್ನುತ್ತಾರೆ. ಯಾವ ಪಥ್ಯಕ್ಕಿಂತಲೂ ಕಷ್ಟದ ಕೆಲಸ ಅವರಿಗೆ ಬೇಡ ಅನ್ನುವುದು.

ಮಳೆಗಾಲದಲ್ಲಿ ನಡಿಗೆ ನಿಂತುಹೋಗುತ್ತದೆ ಅನ್ನುವುದು ನಮ್ಮ ಕಡೆಯ ನಿಜವಾದ ಸಮಸ್ಯೆ. ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊರಗೆ ಕಾಲಿಡುವುದೇ ಕಷ್ಟ. ಆ ಜಡಿ ಮಳೆಯಲ್ಲಿ ಹಪ್ಪಳ, ಹಲಸಿನಕಾಯಿ ಚಿಪ್ಸ್ ಬೇರೆ ಕರೆಯುತ್ತವೆ. ಜಗಲಿಯ ಮೇಲೆ ಬಸ್ಕಿ, ದಂಡ, ನೀರು ತುಂಬಿದ ಕ್ಯಾನ್ ಎತ್ತುವುದು, ಇಷ್ಟಾದರೂ ಸ್ನಾಯುವಿಗೆ ಕೆಲಸ ಸಿಗುತ್ತದೆ. ಬಿಸಿಎಎ ಡಬ್ಬಿಯ ದುಡ್ಡಿಗೆ ಒಂದು ಜೊತೆ ಡಂಬೆಲ್ ಬರುತ್ತದೆ, ಅದು ತಿಂಗಳಿಗೆ ಖಾಲಿ ಆಗುವುದೂ ಇಲ್ಲ.

ಯಾರು ಯಾವುದನ್ನು ಆರಿಸಬಹುದು

ನಾಲ್ಕೈದು ಕೆಜಿ ಇಳಿಸಬೇಕು, ಬೇರೆ ಕಾಯಿಲೆ ಇಲ್ಲ ಅನ್ನುವವರು ಡಬ್ಬಿ ಯಾವುದೂ ಬೇಡ, ತಟ್ಟೆ ಬದಲಿಸಿ ಮೂರು ತಿಂಗಳು ನೋಡಿ. ತಕ್ಕಡಿಯ ಜೊತೆ ಸೊಂಟದ ಸುತ್ತಳತೆಯನ್ನೂ ಅಳೆಯಿರಿ. ಭಾರತೀಯರಲ್ಲಿ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು ಅನ್ನುತ್ತಾರೆ.

ಮೊಟ್ಟೆ, ಮಾಂಸ ಮುಟ್ಟದ, ಕಾಳು ತಿಂದರೆ ಗ್ಯಾಸ್ ಅನ್ನುವ, ಜಿಮ್‌ಗೆ ನಿಯಮಿತವಾಗಿ ಹೋಗುವವರು ವೇ ತೆಗೆದುಕೊಳ್ಳಬಹುದು. ಹಾಲು ಆಗದಿದ್ದರೆ ಬಟಾಣಿ ಅಥವಾ ಸೋಯಾ ಪ್ರೋಟೀನ್ ಪುಡಿ.

ಬಿಪಿ, ಶುಗರ್, ಥೈರಾಯ್ಡ್, ಕಿಡ್ನಿ ಯಾವುದಾದರೂ ಇರುವವರು, ಗರ್ಭಿಣಿಯರು, ಹಾಲುಣಿಸುವವರು ಪುಡಿ ಕೊಳ್ಳುವ ಮೊದಲು ವೈದ್ಯರಿಗೆ ಡಬ್ಬಿಯ ಫೋಟೊ ತೋರಿಸಿ. ಶುಗರ್, ಬಿಪಿ ನೋಡಿಸಿಯೇ ಇಲ್ಲದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳಿಗೆ ಇರುವ ಎನ್‌ಸಿಡಿ ಕ್ಲಿನಿಕ್‌ನಲ್ಲಿ ನೋಡುತ್ತಾರೆ. ಬೆಳಗ್ಗೆ ಶೇಕ್ ಕುಡಿಸಿ ತೂಕ ನೋಡುವ ಕ್ಲಬ್ಬಿನ ಮಿತ್ರರು ವೈದ್ಯರಲ್ಲ ಅನ್ನುವುದು ನೆನಪಿರಲಿ.

ಹೊಸದಾಗಿ ಇನ್ನೊಂದು ಗುಂಪು ಸೇರಿಕೊಂಡಿದೆ: 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮೌಂಜಾರೊ, ವೆಗೊವಿ ಅನ್ನುವ ತೂಕ ಇಳಿಸುವ ಇಂಜೆಕ್ಷನ್ ತೆಗೆದುಕೊಳ್ಳುವವರು. ಇವರಿಗೆ ಹಸಿವೇ ಇರುವುದಿಲ್ಲ, ತೂಕ ಬೇಗ ಇಳಿಯುತ್ತದೆ. ಇಳಿದ ತೂಕದಲ್ಲಿ ಕಾಲು ಭಾಗ, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಕೊಬ್ಬಲ್ಲದ ಭಾಗ ಆಗಿರುತ್ತದೆ. ಅದರಲ್ಲಿ ಸ್ನಾಯುವೂ ಸೇರಿದೆ. ಹಾಗಾಗಿ ಪ್ರೋಟೀನ್ ಪುಡಿಗೆ ನಿಜವಾದ ಕೆಲಸ ಇರುವುದು ಇವರ ಹತ್ತಿರವೇ. ನಾಲ್ಕು ತುತ್ತಿಗೆ ಸಾಕು ಅನಿಸಿದಾಗ ಆ ನಾಲ್ಕು ತುತ್ತು ಅನ್ನದ್ದಾಗಬಾರದು, ಮೊದಲು ಮೊಟ್ಟೆ, ಮೀನು, ಕಾಳು, ಮೊಸರು. ಉಳಿದದ್ದಕ್ಕೆ ವೇ ಎಷ್ಟು ಬೇಕು ಅಂತ ಇಂಜೆಕ್ಷನ್ ಬರೆದ ವೈದ್ಯರನ್ನೇ ಕೇಳಿ. ಅವರು ಬಿಸಿಎಎ ಬರೆದರೆ, ಯಾಕೆ ಅಂತಲೂ ಕೇಳಿ.